ತೊಟ್ಟಿಯಲ್ಲಿ ಸಿಕ್ಕ ನಾರಿನ ಮೆಟ್ಟು

ಬಕೆಟ್ಟಿನೊಳಗೆ ಕೈಯಿಟ್ಟ ಸಬ್ ಇನ್ಸ್‌ಪೆಕ್ಟರ್ ಮಂಗಳಗೌರಿಯ ಬೆರಳಿಗೆ ಸಿಕ್ಕಿದ್ದು ಮೆಟ್ಟಲ್ಲ, ಮುದ್ದೆ.

ಠಾಣೆಯ ಹಿಂಬದಿಯ ನಲ್ಲಿಕಟ್ಟೆಯ ಮೇಲೆ ಅದನ್ನು ಎತ್ತಿಹಾಕಿದಳು. ಹಿಪ್ಪುನೇರಳೆ ನಾರಿನಿಂದ ನೇಯ್ದ ಮೇಲುಹೊದಿಕೆ ಗಟ್ಟಿಯಾಗಿಯೇ ಇತ್ತು. ಕೆಳಗಿನ ಅಟ್ಟೆ ಮಾತ್ರ ಪದರ ಪದರವಾಗಿ ಬಿಚ್ಚಿಕೊಂಡು, ನೆನೆದ ಹಪ್ಪಳದಂತೆ ಜೋತುಬಿದ್ದಿತ್ತು.

"ಮೇಡಂ, ಅದು ಮುಖ ತೊಳೆಯೋ ಬಕೆಟ್ಟು." ಹೆಡ್ ಕಾನ್‌ಸ್ಟೇಬಲ್ ಅಶ್ವಥ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೂಗು ಮುಚ್ಚಿ ನಿಂತಿದ್ದ. "ರಾತ್ರಿಯಿಂದ ಇಲಿ ಸತ್ತಂಗೆ ವಾಸ್ನೆ ಬತ್ತೈತೆ."

"ಬರ್ಲಿ ಬಿಡಿ. ನಿನ್ನೆ ಸಂಜೆ ನೆನೆಹಾಕಿದಾಗ ಇದು ಹೇಗಿತ್ತು?"

"ಹೊಸಾದಿದ್ದಂಗಿತ್ತು."

"ಈಗ?"

"ಈಗ ನಾಯೀನೂ ಮೂಸಲ್ಲ."

ಮಂಗಳಗೌರಿ ಒಳಗೆ ಹೋಗಿ ಸಾಕ್ಷಿಯ ಕವರಿನಲ್ಲಿದ್ದ ಇನ್ನೊಂದು ಮೆಟ್ಟನ್ನು ತಂದು ಪಕ್ಕದಲ್ಲಿಟ್ಟಳು. ಸೋಮವಾರ ಬೆಳಿಗ್ಗೆ ಕೋಡಿಹಳ್ಳಿ ರಸ್ತೆಯ ಶೆಡ್ಡಿನಲ್ಲಿ, ಹಿಪ್ಪುನೇರಳೆ ಕಡ್ಡಿ ಕೊಳೆಹಾಕುವ ತೊಟ್ಟಿಯೊಳಗೆ ಬೋರಲಾಗಿ ಸತ್ತು ಬಿದ್ದಿದ್ದ ಚಿಕ್ಕರಾಜುವಿನ ಪಕ್ಕ ತೇಲುತ್ತಿದ್ದ ಮೆಟ್ಟು ಅದು. ಹೆಂಗಸಿನದು, ಎಡಗಾಲಿನದು. ಅದರ ಜೋಡಿ ಎಲ್ಲೂ ಸಿಕ್ಕಿರಲಿಲ್ಲ. ಈಗ ಒಣಗಿ ಕೊಂಚ ಮುರುಟಿದ್ದರೂ ಅದರ ಅಟ್ಟೆ ಒಂದು ಎಳೆಯೂ ಬಿಟ್ಟಿರಲಿಲ್ಲ.

ಚಿಕ್ಕರಾಜು ಕೆಮಿಕಲ್ ಅಂಟನ್ನು ಮುಟ್ಟುತ್ತಿರಲಿಲ್ಲ. ರೇಷ್ಮೆಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿ, ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುವ ಬಾಳೆದಿಂಡು, ಎಸೆದ ತೆಂಗಿನ ಸಿಪ್ಪೆ. ಇಷ್ಟರಲ್ಲೇ ನಾರು ತೆಗೆದು ಮೆಟ್ಟು ಮಾಡುತ್ತಿದ್ದವನು, ಅಟ್ಟೆಯ ಪದರಗಳನ್ನು ಹುಣಸೆಬೀಜದ ಸರಿ ಕಾಯಿಸಿ ಅಂಟಿಸುತ್ತಿದ್ದ. ನೀರು ತಾಗದ ಹಾಗೆ ಮೇಣ ಬಳಿಯುವುದು ಕಟ್ಟಕಡೆಯ ಕೆಲಸ. ಅವನ ಶೆಡ್ಡಿನಿಂದಲೇ ತಂದು ಬಕೆಟ್ಟಿನಲ್ಲಿ ನೆನೆಹಾಕಿದ್ದಕ್ಕೂ ಮೇಣ ಬಳಿದಿರಲಿಲ್ಲ, ತೊಟ್ಟಿಯಲ್ಲಿ ಸಿಕ್ಕಿದ್ದಕ್ಕೂ ಬಳಿದಿರಲಿಲ್ಲ. ನೀರನ್ನೂ ಅವಳು ಅದೇ ತೊಟ್ಟಿಯಿಂದ ಕ್ಯಾನಿನಲ್ಲಿ ತರಿಸಿದ್ದಳು.

"ಈಗ ಹೇಳಿ ಅಶ್ವಥ್. ಚಿಕ್ಕರಾಜು ಸತ್ತಿದ್ದು ಭಾನುವಾರ ರಾತ್ರಿ, ಉಣ್ಣೋದಕ್ಕೂ ಮುಂಚೆ ಅಂದ್ರು ಡಾಕ್ಟ್ರು. ಅವನ ಜೊತೇಲೇ ಇದೂ ನೀರಿಗೆ ಬಿದ್ದಿದ್ರೆ?"

ಅಶ್ವಥ್ ಎರಡನ್ನೂ ನೋಡಿದ. ಮೂಗಿನ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. "ಬೆಳಗಾಗೋ ಹೊತ್ಗೆ ಇದೂ ಹಿಂಗೇ ಬಿಚ್ಕೊಬೇಕಿತ್ತು."

"ಬಿಚ್ಕೊಂಡಿರಲಿಲ್ಲ."

"ಹಂಗಾದ್ರೆ ಯಾರೋ ಬೆಳಿಗ್ಗೆ ಎಸ್ದವ್ರೆ! ಹೆಣ ಸಿಕ್ಕೋದಕ್ಕೆ ಒಸಿ ಮುಂಚೆ."

"ಹೆಣ ಮೊದಲು ನೋಡಿದ್ದು ಯಾರು?"

"ಹೆಂಡ್ತಿ. ಕುಸುಮ."

ಮುಂಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ಬೂಟುಗಳು ಅಂಗಳ ಸುತ್ತಿ ನೇರ ಹಿಂಬದಿಗೇ ಬಂದವು. ಸರ್ಕಲ್ ಇನ್ಸ್‌ಪೆಕ್ಟರ್ ಯಶೋಧಾ.

ಮಂಗಳಗೌರಿ ಒದ್ದೆ ಕೈಯನ್ನೇ ಹಣೆಗೆತ್ತಿ ಸೆಲ್ಯೂಟ್ ಹೊಡೆದಳು. ತರಬೇತಿಯ ವರ್ಷ ಇಬ್ಬರದೂ ಪಕ್ಕಪಕ್ಕದ ಮಂಚ. ಓಡಿ ಓಡಿ ಯಶೋಧಾಳ ಕಾಲಿಗೆ ಬೊಬ್ಬೆ ಎದ್ದಾಗ ಕೊಬ್ಬರಿ ಎಣ್ಣೆ ಹಚ್ಚಿದ್ದು ಇದೇ ಕೈ. ಆಮೇಲೆ ಮಾಗಡಿ ಕಡೆಯ ವಿಗ್ರಹ ಕಳ್ಳತನದ ಕೇಸಿನಲ್ಲಿ, ಫೋನಿನಲ್ಲಿ ಹರಟುತ್ತಾ "ಆ ಗುಜರಿಯವನನ್ನ ಒಂದ್ಸಲ ನೋಡೇ" ಎಂದು ಸುಳಿವು ಕೊಟ್ಟದ್ದೂ ಇದೇ ಬಾಯಿ. ಕಳ್ಳ ಸಿಕ್ಕ. ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋದಲ್ಲಿ ವಿಗ್ರಹ ಹಿಡಿದು ನಿಂತಿದ್ದವಳು ಯಶೋಧಾ ಒಬ್ಬಳೇ. ಪತ್ರಕರ್ತರ ಮುಂದೆ ಅವಳು ಗೆಳತಿಯ ಹೆಸರು ಹೇಳಿದ್ದಳಂತೆ. ಅಚ್ಚಾಗುವಾಗ ಬಿಟ್ಟುಹೋಯಿತಂತೆ. ಇರಬಹುದು. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಇರುವುದಿಲ್ಲ.

"ಏನ್ ಗೌರಿ, ಇಲ್ಲಿ ಏನು ಮಾಡ್ತಿದ್ದೀಯಾ?" ಯಶೋಧಾಳ ದನಿ ಹಳೆಯ ಸಲುಗೆಯದೇ. ಅದು ಇನ್ನೂ ಉರಿಸುತ್ತಿತ್ತು.

ಮಂಗಳಗೌರಿ ಅರ್ಧ ಹೆಜ್ಜೆ ಸರಿದು ಬಕೆಟ್ಟಿಗೆ ಅಡ್ಡ ನಿಂತಳು. "ಏನಿಲ್ಲ ಮೇಡಂ. ಮುಖ ತೊಳೀತಿದ್ದೆ."

ಅಶ್ವಥ್ ತನ್ನ ಟವೆಲನ್ನು ನಲ್ಲಿಕಟ್ಟೆಯ ಮೇಲಿದ್ದ ಮೆಟ್ಟುಗಳ ಮೇಲೆ ಸುಮ್ಮನೆ ಇಳಿಬಿಟ್ಟ.

"ಚಿಕ್ಕರಾಜು ಫೈಲ್ ಮುಗಿಸಿಬಿಡು. ಕೊಳೆತ ನೀರಿನ ಗ್ಯಾಸು. ಮ್ಯಾನ್‌ಹೋಲಿಗೆ ಇಳಿದವರು ತಲೆಸುತ್ತಿ ಬೀಳಲ್ವಾ, ಹಾಗೇ ಆಗಿದೆ. ಮೈಮೇಲೆ ಒಂದು ಗಾಯ ಇಲ್ಲ. ಸುಮ್ಮನೆ ಎಳೆದರೆ ಊರಲ್ಲಿ ಮಾತು ಬೆಳೆಯುತ್ತೆ."

"ಇವತ್ತೊಂದು ದಿನ ಕೊಡಿ ಮೇಡಂ."

"ಯಾಕೆ, ಏನಾದ್ರೂ ಸಿಕ್ಕಿತಾ?"

"ಏನೂ ಇಲ್ಲ. ಮನಸ್ಸಿಗೆ ಸಮಾಧಾನ ಇಲ್ಲ, ಅಷ್ಟೆ."

ಯಶೋಧಾ ಅವಳ ಮುಖವನ್ನೇ ನೋಡಿದಳು. "ಆ ನಾಹಿದಾ ಬಗ್ಗೆ ಊರವರು ಏನೇನೋ ಆಡ್ತಿದ್ದಾರೆ. ಭಾನುವಾರ ಸಂಜೆ ಅವಳು ಎಲ್ಲಿದ್ದಳು ಅಂತ ವಿಚಾರಿಸಿದ್ಯಾ?"

"ವಿಚಾರಿಸ್ತಾ ಇದ್ದೀನಿ ಮೇಡಂ."

ಅದು ಸುಳ್ಳು. ವಿಚಾರಿಸಿ ಮುಗಿದಿತ್ತು. ಚನ್ನಪಟ್ಟಣದ ನಾಹಿದಾ, ಚಿಕ್ಕರಾಜುವಿನ ಜೊತೆಗೂಡಿ ಮೆಟ್ಟು ಕತ್ತರಿಸಿ ಹೊಲಿಯುತ್ತಿದ್ದವಳು, ಆ ಸಂಜೆ ತಂಗಿ ನಿಖಾತ್ ಜೊತೆ ಬಿಡದಿಯಲ್ಲಿದ್ದಳು. ಮಾದರಿ ಮೆಟ್ಟುಗಳನ್ನು ಯಾರಿಗೋ ತೋರಿಸಿ, ತಟ್ಟೆ ಇಡ್ಲಿ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಹೋಟೆಲಿನ ಕ್ಯಾಮೆರಾದಲ್ಲಿ ಮಂಗಳಗೌರಿ ಅದನ್ನು ಕಣ್ಣಾರೆ ನೋಡಿ ಬಂದಿದ್ದಳು. ಅಶ್ವಥ್‌ಗೂ ಹೇಳಿರಲಿಲ್ಲ. ಈ ಸಲ ಒಂದು ಸುಳಿವೂ ತನ್ನ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಕೂಡದು. ಕೇಸು ಪೂರ್ತಿ ಬಿಡಿಸಿ, ಮೇಜಿನ ಮೇಲಿಟ್ಟು, ಆಮೇಲೆ ಯಶೋಧಾಳ ಮುಖ ನೋಡಬೇಕು.

"ಸರಿ, ಇವತ್ತೊಂದು ದಿನ," ಎಂದು ಯಶೋಧಾ ಠಾಣೆಯೊಳಕ್ಕೆ ಹೊರಟಳು. ಹೋಗುವಾಗ ಭುಜ ತಟ್ಟಿದಳು. ಆ ಕೈ ತಾಗಿದ ಜಾಗವನ್ನು ಮಂಗಳಗೌರಿ ಒರೆಸಿಕೊಂಡಳು.

* * *

ಕುಸುಮಳನ್ನು ಬರಹೇಳಿದ್ದ ಶೆಡ್ಡಿಗೆ ತಿರುಗುವ ಮಣ್ಣುದಾರಿಯಲ್ಲಿ ಗೂಡ್ಸ್ ಆಟೋ ಒಂದು ಎದುರಾಯಿತು. ಓಡಿಸುತ್ತಿದ್ದವನು ಗಂಗರಾಜು, ಕುಸುಮಳ ತಮ್ಮ. ಊರೂರಿನ ಹುಳದ ಮನೆಗಳಿಂದ ಕಡ್ಡಿಯ ಹೊರೆ ತಂದು ಭಾವನ ಶೆಡ್ಡಿಗೆ ಹಾಕುತ್ತಿದ್ದವನು. ಸೋಮವಾರ ಎಲ್ಲರಿಗಿಂತ ಮೊದಲು ತೊಟ್ಟಿಗೆ ಹಾರಿ ಭಾವನ ಹೆಣ ಎತ್ತಿದವನೂ ಅವನೇ.

ಜೀಪು ಕಂಡು ಅವನು ಬ್ರೇಕು ಹಾಕಿದ. ಕಣ್ಣು ಕೆಂಪಗಿತ್ತು.

"ನಮ್ಮಕ್ಕನ್ನ ಎಷ್ಟ್ ಸಲ ಕರೀತೀರಾ ಮೇಡಂ? ಕರೀಬೇಕಾದೋಳು ಚನ್ನಪಟ್ಣದಲ್ಲಿ ನೆಮ್ಮದಿಯಾಗವಳೆ."

"ಎಲ್ಲಿಗೆ ಹೊರಟೆ?"

"ಠಾಣೆಗೆ. ಊರೋರೆಲ್ಲ ಹೊಂಟವ್ರೆ. ನ್ಯಾಯ ಕೇಳಕ್ಕೆ."

ಅವನು ಗೇರು ಹಾಕಿ ಹೊರಟೇಹೋದ. ಅಶ್ವಥ್ ಕನ್ನಡಿಯಲ್ಲಿ ಆಟೋವನ್ನೇ ನೋಡಿದ. "ಮೇಡಂ, ನಾನು ಹಿಂದಕ್ಕೆ ಹೋಗ್ಲಾ? ಗಲಾಟೆ ಗಿಲಾಟೆ ಆದಾತು."

"ಅಲ್ಲಿ ಸರ್ಕಲ್ ಮೇಡಂ ಇದ್ದಾರೆ. ನೋಡ್ಕೊತಾರೆ." ತನ್ನ ದನಿಯಲ್ಲಿದ್ದ ಕಹಿ ಅವಳಿಗೇ ಕೇಳಿಸಿತು.

ಅಶ್ವಥ್‌ನನ್ನು ಜೀಪಿನ ಬಳಿ ನಿಲ್ಲಿಸಿ ಅವಳೊಬ್ಬಳೇ ಒಳಗೆ ಹೋದಳು.

ಹಿಂದೆ ರೇಷ್ಮೆನೂಲು ಬಿಚ್ಚುತ್ತಿದ್ದ ಶೆಡ್ಡು ಅದು. ಈಗ ಒಂದು ಗೋಡೆಯುದ್ದಕ್ಕೂ ಸುಲಿದ ಕಡ್ಡಿಯ ಕಟ್ಟುಗಳು, ಹಗ್ಗದ ಮೇಲೆ ಒಣಗುತ್ತಿದ್ದ ನಾರಿನ ಜಡೆಗಳು, ಕೈಮಗ್ಗದ ಮೇಲೆ ಅರ್ಧಕ್ಕೆ ನಿಂತ ಬಟ್ಟೆ. ಕಪಾಟಿನಲ್ಲಿ ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಕಡೆಸಿದ ಮರದ ಕಾಲುಗಳು ಸಾಲಾಗಿ ನಿಂತಿದ್ದವು. ಮೆಟ್ಟಿಗೆ ಆಕಾರ ಕೊಡುವ ಅಚ್ಚುಗಳು. ಮೂಲೆಯಲ್ಲಿ ತೊಟ್ಟಿ. ಒಂದೇ ಒಂದು ಸಣ್ಣ ಕಿಟಕಿ, ಅದಕ್ಕೂ ಕಬ್ಬಿಣದ ಸರಳು.

ಗೋಡೆಗೆ ಪತ್ರಿಕೆಯ ತುಣುಕೊಂದನ್ನು ಅಂಟಿಸಿದ್ದರು. ಬೆಂಗಳೂರಿನ ಮೇಳದ ಫೋಟೋ. ಚಿಕ್ಕರಾಜುವೂ ನಾಹಿದಾಳೂ ಒಂದೇ ಮೆಟ್ಟನ್ನು ಎರಡು ಕಡೆ ಹಿಡಿದು ನಗುತ್ತಿದ್ದರು. 'ಕಸದಿಂದ ಕಾಲಿಗೆ' ಎಂದು ದಪ್ಪಕ್ಷರ.

ಕುಸುಮ ಆ ಫೋಟೋಕ್ಕೆ ಬೆನ್ನುಹಾಕಿ ನಿಂತಿದ್ದಳು. ಬರಿಗೈ, ಬರಿಗತ್ತು, ಬರಿಗಾಲು.

"ಕೂತ್ಕೊಮ್ಮ."

"ನಿಂತೇ ಇರ್ತೀನಿ. ಕೇಳೋದ ಕೇಳ್ಬುಡಿ."

ಮಂಗಳಗೌರಿ ಕವರುಗಳಿಂದ ಎರಡು ಮೆಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ರಾತ್ರಿಯೆಲ್ಲ ನೀರಲ್ಲಿ ನೆನೆದಿದ್ದು. ಇದು ನಿನ್ನ ಗಂಡನ ಪಕ್ಕ ಸಿಕ್ಕಿದ್ದು. ಎರಡಕ್ಕೂ ಒಂದೇ ಅಂಟು. ನಿಂಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ."

ಕುಸುಮ ನೋಡಿದಳು. ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸೋಮವಾರ ಬೆಳಿಗ್ಗೆ ಇಲ್ಲಿಗೆ ಬಂದೋಳು ನೀನೊಬ್ಬಳೇ. ಎಸೆದೋಳು ನೀನೇ ಅಲ್ವಾ?"

ಹೊರಗೆ ಬೇಲಿಯ ಮೇಲೆ ಗುಬ್ಬಿಗಳು ಜಗಳವಾಡುತ್ತಿದ್ದವು. ಕುಸುಮ ತಲೆ ಎತ್ತಿದಳು.

"ಹೂಂ. ನಾನೇಯ. ಅದ್ಕೇನೀಗ?"

"ಯಾಕೆ?"

"ಯಾಕಾ?" ಅವಳು ಎರಡೂ ಕೈ ಚಾಚಿದಳು. ಬೆರಳ ತುದಿಗಳು ಕಡ್ಡಿಯ ಹಾಲಂಟಿ ಕಪ್ಪಿಟ್ಟಿದ್ದವು, ಉಗುರಿನ ಸಂದುಗಳು ಬಿರಿದಿದ್ದವು. "ನೋಡಿ ಇದ. ಕಡ್ಡಿ ಸುಲ್ದಿದ್ದು ಯಾರು? ಈ ಗಬ್ಬುನೀರಲ್ಲಿ ಕೈಯಾಕಿ ನಾರು ತೆಗ್ದಿದ್ದು ಯಾರು? ಬೂದಿನೀರಲ್ಲಿ ಬೇಯ್ಸಿ, ಬಡ್ದು, ಒಣಗಾಕಿದ್ದು ಯಾರು? ಹುಳ ತಿಂದು ಬುಟ್ಟ ಕಡ್ಡೀಲೂ ನಾರೈತೆ ಕಣೇ ಅಂತ ಅವ್ರು ಮೊದ್ಲು ತೋರ್ಸಿದ್ದು ನಂಗೆ. ಆಮ್ಯಾಕೆ ಅವ್ಳು ಬಂದ್ಲು. ಕತ್ರಿ ಹಿಡ್ಕೊಂಡು ಬಂದ್ಲು, ಫೋಟೋದಲ್ಲಿ ನಿಂತ್ಬುಟ್ಲು."

ಮಂಗಳಗೌರಿ ಗೋಡೆಯ ಫೋಟೋ ಕಡೆ ನೋಡಿದಳು.

"ಮನೇಲಿ ಎರಡು ಮಾತಾಡ್ತಿರಲಿಲ್ಲ ನಮ್ಮೆಜಮಾನ್ರು. ಉಪ್ಪು ಸಾಲ್ದು, ಸಾರು ಹಾಕು, ಅಷ್ಟೇಯ. ಇಲ್ಲಿ ಅವ್ಳ ಕೂಡೆ ದಿನವೆಲ್ಲ ಮಾತು. ಅಟ್ಟೆ ಹಂಗಿರ್ಲಿ, ಹೊಲಿಗೆ ಹಿಂಗಿರ್ಲಿ. ಮೆಟ್ಟಿನ ಮಾತೇ ಆಗ್ಲಿ ಮೇಡಂ. ನಂಗದೂ ಇರಲಿಲ್ವಲ್ಲ!"

"ಸೋಮವಾರ ಏನಾಯ್ತು ಹೇಳು."

"ಬಾಗ್ಲು ತೆಗ್ದೆ. ತೊಟ್ಟೀಲಿ ಬಿದ್ದವ್ರೆ. ಇಗೋ, ಈ ಮೇಜಿನ ಮ್ಯಾಲೆ ಹೊಸಾ ಟವಲ್ಲು ಹಾಸಿ, ದೇವ್ರ ಮುಂದೆ ಇಟ್ಟಂಗೆ ಒಂದು ಜೊತೆ ಮೆಟ್ಟು ಇಟ್ಟವ್ರೆ. ಹೆಂಗಸಿನ ಮೆಟ್ಟು. ಊರೋರು ಬಂದು ನೋಡಿದ್ರೆ ಏನಂದಾರು? ಸಾಯೋಗಂಟ ಅವ್ಳ ಕಾಲಿಗೇ ಹೊಲೀತಿದ್ದ ಅನ್ನಲ್ವಾ?" ಅವಳ ದನಿ ಸೀಳಿತು. "ಗಂಡ ನೀರಲ್ಲಿ ಬಿದ್ದವ್ನೆ. ನಾನು ಮೊದ್ಲು ಮುಟ್ಟಿದ್ದು ಈ ಹಾಳು ಮೆಟ್ಟ ಮೇಡಂ, ಅವ್ರನ್ನಲ್ಲ. ಒಂದ ನೀರಿಗೆ ಎಸ್ದೆ. ಇನ್ನೊಂದ ಸೆರಗಲ್ಲಿ ಸುತ್ಕೊಂಡೋಗಿ ಒಲೆಗಾಕ್ದೆ. ಆಮ್ಯಾಕೆ ಕಿರುಚ್ಕೊಂಡೆ."

ಮಂಗಳಗೌರಿಗೆ ಬೈಯಬೇಕೆನಿಸಲಿಲ್ಲ. ತಾನಿಲ್ಲದ ಒಂದು ಫೋಟೋವನ್ನು ಅವಳೂ ಬಲ್ಲಳು. ಅದನ್ನು ಕತ್ತರಿಸಿ ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಿದ್ದಳು, ಸುಡಲೂ ಆಗದೆ, ಎಸೆಯಲೂ ಆಗದೆ.

ಅವಳ ಕಣ್ಣು ತಗ್ಗಿ ನೆಲದ ಕಡೆ ಹೋಯಿತು. ಅಲ್ಲೇ ನಿಂತಿತು.

ಕುಸುಮಳ ಎಡಗಾಲಿನ ಕಿರುಬೆರಳು ಉಳಿದ ಬೆರಳುಗಳ ಸಾಲಿನಲ್ಲಿರಲಿಲ್ಲ. ಬುಡದಲ್ಲಿ ಮುರಿದು ಕೂಡಿದಂತೆ ಹೊರಕ್ಕೆ ಚಾಚಿಕೊಂಡಿತ್ತು. ಅಲ್ಲೊಂದು ಗಂಟು.

"ನಿನ್ನ ಕಾಲಿಗೆ ಏನಾಗಿತ್ತು?"

"ಹಾಂ? ಅದಾ? ಚಿಕ್ಕೋಳಿದ್ದಾಗ ಎತ್ತಿನಗಾಡಿ ಚಕ್ರ ಹತ್ತಿತ್ತು. ಯಾಕೆ?"

ಮಂಗಳಗೌರಿ ತೊಟ್ಟಿಯಲ್ಲಿ ಸಿಕ್ಕ ಮೆಟ್ಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಹೊರಮಗ್ಗುಲಲ್ಲಿ ಒಂದು ಉಬ್ಬು. ನೀರಿಗೆ ಬಿದ್ದು ಸೊಟ್ಟಗಾಗಿದೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಈಗ ನೋಡಿದರೆ ಆ ಉಬ್ಬಿನ ಸುತ್ತ ಹೊಲಿಗೆಯೇ ಬೇರೆ. ಒಳಗಡೆ ಮೆತ್ತನೆಯ ಬಾಳೆನಾರನ್ನು ಮಡಿಸಿಟ್ಟು, ಗಂಟಿಗೆ ಒತ್ತದ ಹಾಗೆ ಗೂಡು ಮಾಡಿದ್ದರು.

"ಹಾಕ್ಕೊ ಇದನ್ನ."

"ಥೂ! ಅವ್ಳ ಮೆಟ್ಟ ನಾನ್ಯಾಕೆ..."

"ಹಾಕ್ಕೊ ಅಂದೆ."

ಅವಳೇ ಬಗ್ಗಿ ಕುಸುಮಳ ಕಾಲ ಬಳಿ ಇಟ್ಟಳು. ಖಾಕಿ ತೊಟ್ಟವಳು ಕಾಲ ಬಳಿ ಕೂತದ್ದು ಕಂಡು ಗಾಬರಿಯಾಗಿ ಕುಸುಮ ಕಾಲು ತೂರಿಸಿದಳು. ಹಿಮ್ಮಡಿ ಕೂತಿತು. ಬೆರಳುಗಳು ಕೂತವು. ಕಿರುಬೆರಳು ತನ್ನ ಗೂಡಿನೊಳಗೆ, ಹಕ್ಕಿಮರಿ ಗೂಡು ಸೇರಿದ ಹಾಗೆ, ಹೋಗಿ ಕೂತಿತು.

ಕುಸುಮ ಕಾಲನ್ನೇ ನೋಡಿದಳು.

"ಮದ್ವೆಯಾದಾಗಿಂದ ನಾನು ಮೆಟ್ಟು ಮೆಟ್ಟಿಲ್ಲ ಮೇಡಂ," ಎಂದಳು, ಯಾರ ಜೊತೆಯೋ ಮಾತಾಡುವ ಹಾಗೆ. "ಯಾವ್ದೂ ಹಿಡಿಯಲ್ಲ. ಸಂತೇಲಿ ಒಂದ್ಸಲ ಅಂಗಡಿಯೋನು ನಕ್ಬುಟ್ಟ. ಅವತ್ತಿಂದ ಬುಟ್ಟೇಬುಟ್ಟೆ. ಇವ್ರು ಅವತ್ತು ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ..."

ಅವಳು ನಿಂತಲ್ಲೇ ಕುಸಿದಳು. ಬಾಯಿಂದ ಬಂದದ್ದು ಅಳುವಲ್ಲ, ಒರಳುಕಲ್ಲು ಉರುಳಿದಂಥ ಸದ್ದು. ಮಂಗಳಗೌರಿ ಅವಳ ಭುಜ ಹಿಡಿದಳು. ಹಣೆಯನ್ನು ನೆಲಕ್ಕೆ ಬಡಿಯದ ಹಾಗೆ ತಡೆಯುವುದೇ ಕಷ್ಟವಾಯಿತು.

"ನಾನೇ ಸಾಯಿಸ್ಬುಟ್ಟೆ. ನಾನೇ ನಮ್ಮೆಜಮಾನ್ರ ಸಾಯಿಸ್ಬುಟ್ಟೆ!"

"ಏನಂದೆ?"

"ಚಿಲಕ ಹಾಕ್ದೋಳು ನಾನೇಯ!"

ಮಂಗಳಗೌರಿಯ ಕೈ ಅವಳ ಭುಜದ ಮೇಲೇ ಬಿಗಿಯಾಯಿತು. "ಯಾವ ಚಿಲಕ? ಸರಿಯಾಗಿ ಹೇಳು."

ಬಿಕ್ಕಿ ಬಿಕ್ಕಿ, ಹಿಂದುಮುಂದಾಗಿ, ಕುಸುಮ ಹೇಳಿದಳು. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಗಂಡನನ್ನು ಊಟಕ್ಕೆ ಕರೆಯಲು ಬಂದಿದ್ದಳು. ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗೆ ಮಾತು ಕೇಳಿಸಿತು. ಕಿಟಕಿಯಲ್ಲಿ ಇಣುಕಿದಳು. ಬಲ್ಬಿನ ಕೆಳಗೆ ಚಿಕ್ಕರಾಜು ಹೆಂಗಸಿನ ಮೆಟ್ಟು ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಾ ನಗುತ್ತಿದ್ದ.

"ಕಾಲಿಗೆ ಒಸಿ ಬಿಗಿ ಆಯ್ತದಾ, ನೋಡು ಅಂದ್ರು. ನಂಗೆ ಅಷ್ಟೇ ಕೇಳಿಸಿದ್ದು. ಯಾರಿಗಂದ್ರು ಅಂತ ಕಾಣಲಿಲ್ಲ, ಆ ಮಗ್ಗದ ಮರೇಲಿದ್ರು. ಅವ್ಳೇಯ, ಇನ್ಯಾರು, ಅಂದ್ಕೊಂಡೆ. ಮೈಯೆಲ್ಲ ಬೆಂಕಿ ಬಿದ್ದಂಗಾಯ್ತು. ಬೆಳಿಗ್ಗೆಗಂಟ ಇಬ್ರೂ ಒಳಗೇ ಇರ್ಲಿ, ಊರೋರೆಲ್ಲ ಬಂದು ನೋಡ್ಲಿ ಅಂತವ ಹೊರಗಿಂದ ಚಿಲಕ ಜಡ್ದು ಮನೆಗೋದೆ."

ಆ ರಾತ್ರಿ ತೊಟ್ಟಿಯಲ್ಲಿ ಕಡ್ಡಿ ಕೊಳೆಯುತ್ತಿತ್ತು. ಬಾಗಿಲು ಮುಚ್ಚಿತ್ತು.

"ಬೆಳಿಗ್ಗೆ ಬಂದಾಗ ಚಿಲಕ?"

"ನಾನು ಹಾಕಿದ್ದಂಗೇ ಇತ್ತು."

"ಒಳಗೆ?"

"ಅವ್ರೊಬ್ರೇ."

ಮಂಗಳಗೌರಿ ಎದ್ದು ನಿಂತಳು. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿದ್ದವು. ಒಳಗೆ ಇಬ್ಬರಿದ್ದರು. ಚಿಲಕ ಹೊರಗೆ. ಬೆಳಗಾದಾಗ ಒಬ್ಬನ ಹೆಣ, ಇನ್ನೊಬ್ಬರು ಮಾಯ. ಯಾರೋ ಹೊರಗಿನಿಂದ ತೆಗೆದು, ಆ ಇನ್ನೊಬ್ಬರನ್ನು ಬಿಟ್ಟು, ಮತ್ತೆ ಚಿಲಕ ಹಾಕಿದ್ದಾರೆ. ಮತ್ತು ಆ ಇನ್ನೊಬ್ಬರು ನಾಹಿದಾ ಅಲ್ಲ.

ಗ್ಯಾಸಂತೆ, ಗ್ಯಾಸು! ಯಶೋಧಾಳ ಮುಖ ಕಣ್ಣಮುಂದೆ ಬಂತು. ಅಳುವ ಹೆಂಗಸಿನ ಎದುರಿಗೆ ನಿಂತೂ ಮಂಗಳಗೌರಿಯ ಎದೆಯಲ್ಲಿ ಒಂದು ಸಣ್ಣ ಹಬ್ಬ ಎದ್ದಿತು. ಅದಕ್ಕೆ ನಾಚಿಕೆಯೂ ಆಯಿತು. ಆದರೂ ಹಬ್ಬ ನಿಲ್ಲಲಿಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಯಶೋಧಾಳದೇ ಕರೆ.

"ಗೌರಿ, ಎಲ್ಲಿದ್ದೀಯಾ? ನಿನ್ನ ಅನುಮಾನವೇ ಸರಿ ಕಣೆ. ಗ್ಯಾಸ್ ಅಲ್ಲ." ಆ ಕಡೆ ಜನರ ಕೂಗಾಟಕ್ಕೆ ಯಶೋಧಾ ದನಿ ಏರಿಸಿ ಮಾತಾಡುತ್ತಿದ್ದಳು. ಖಾಲಿ ಶೆಡ್ಡಿನಲ್ಲಿ ಪ್ರತಿ ಅಕ್ಷರವೂ ಕೇಳಿಸುತ್ತಿತ್ತು. "ನಾಹಿದಾ ತಾನಾಗೇ ಬಂದು ಒಪ್ಪಿಕೊಂಡಳು. ಆ ಸಂಜೆ ಶೆಡ್ಡಲ್ಲಿ ಚಿಕ್ಕರಾಜು ಜೊತೆ ನಾನೇ ಇದ್ದೆ, ಕಡೇ ಉಸಿರು ಹೋಗುವಾಗ ನನ್ನ ಕೈ ಹಿಡಿದಿದ್ದರು ಅಂತಾಳೆ."

ಬಿಡದಿಯ ಹೋಟೆಲಿನಲ್ಲಿ ತಂಗಿಯ ಎದುರು ಕೂತು ಇಡ್ಲಿ ಮುರಿಯುತ್ತಿದ್ದ ನಾಹಿದಾ ಮಂಗಳಗೌರಿಯ ಕಣ್ಣಿಗೆ ಕಟ್ಟಿದಳು.

"ಪತ್ರಿಕೆಯವರು, ಟೀವಿಯವರು ಎಲ್ಲಾ ಬಂದಿದ್ದಾರೆ. ಈಗ ಮಾತಾಡ್ತೀನಿ. ನಿನ್ನ ಹೆಸರನ್ನೂ ಹೇಳ್ತೀನಿ, ಈ ಸಲ ಬಿಟ್ಟುಹೋಗಲ್ಲ."

ಸುಮ್ಮನಿದ್ದರೆ ಸಾಕಿತ್ತು. ಒಂದೇ ಒಂದು ಮಾತೂ ಆಡದೆ ಫೋನಿಟ್ಟರೆ ಸಾಕಿತ್ತು. ಯಶೋಧಾ ಕ್ಯಾಮೆರಾಗಳ ಮುಂದೆ ನಿಂತು ಕೊಲೆಗಾತಿ ಸಿಕ್ಕಳು ಎನ್ನುತ್ತಾಳೆ. ನಾಳೆ ಬಿಡದಿಯ ಹೋಟೆಲಿನ ದೃಶ್ಯ ಹೊರಬೀಳುತ್ತದೆ. ಹೆಗಲ ಮೇಲೆ ನಕ್ಷತ್ರ ಮೂರಿದ್ದರೇನು, ಮುಖ ಒಂದೇ ತಾನೆ? ಎಷ್ಟೋ ವರ್ಷ ಕಾದ ಸಿಹಿ ತಾನಾಗಿ ನಾಲಿಗೆಯ ಮೇಲೆ ಬಂದು ಕೂತಿತ್ತು.

ಫೋನಿನಾಚೆ ಏನೋ ಒಡೆದ ಸದ್ದು. ಯಾರೋ ಗಂಡಸು ಅರಚುತ್ತಿದ್ದ: "ಆಚೆ ಕಳ್ಸಿ ಅವ್ಳ! ನಾವು ನೋಡ್ಕೊತೀವಿ!"

ಸಿಹಿ ಕಹಿಯಾಯಿತು.

"ಯಶೂ," ಎಂದಳು ಮಂಗಳಗೌರಿ. ಆ ಹೆಸರು ಬಾಯಿಗೆ ಬಂದು ಬಹುಕಾಲವಾಗಿತ್ತು. "ಪ್ರೆಸ್‌ನವರ ಹತ್ತಿರ ಹೋಗಬೇಡ. ಅವಳು ಸುಳ್ಳು ಹೇಳ್ತಿದ್ದಾಳೆ. ಆ ಸಂಜೆ ಅವಳು ಬಿಡದಿಯಲ್ಲಿದ್ದಳು. ನಾನೇ ನೋಡಿದ್ದೀನಿ, ಕ್ಯಾಮೆರಾದಲ್ಲಿ. ಮೊದಲು ಅವಳನ್ನ ಒಳಗೆ ಹಾಕಿ ಬಾಗಿಲು ಭದ್ರ ಮಾಡು."

"ಇದು ನಿನಗೆ ಯಾವಾಗಿಂದ ಗೊತ್ತು ಗೌರಿ?"

ಮಂಗಳಗೌರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಬೆಳಿಗ್ಗೆ ನಾನು ಕೇಳಿದಾಗಲೂ ಗೊತ್ತಿತ್ತಾ?" ಯಶೋಧಾ ಕಾಯಲಿಲ್ಲ. ದನಿ ಗಟ್ಟಿಯಾಯಿತು. "ಸರಿ. ಆದರೆ ಇನ್ನೊಂದಿದೆ. ಅವಳು ಶೆಡ್ಡಿನಿಂದ ಹೊರಗೆ ಓಡಿದ್ದನ್ನ ಕಂಡ ಸಾಕ್ಷಿ ಇದೆ. ಕಣ್ಣಾರೆ ನೋಡಿದೆ ಅಂತ ಬರೆದುಕೊಟ್ಟಿದ್ದಾನೆ. ಹೆಣ ಎತ್ತಿದವನು, ಕುಸುಮಳ ತಮ್ಮ ಗಂಗರಾಜು."

ಅಷ್ಟರಲ್ಲಿ ಕೂಗಾಟ ಇನ್ನೂ ಜೋರಾಗಿ ಕರೆ ಕಡಿದುಹೋಯಿತು.

ಬೆನ್ನ ಹಿಂದೆ ಕುಸುಮ ಎದ್ದು ನಿಂತಿದ್ದಳು. ಒಂದು ಕಾಲಿನಲ್ಲಿ ಮೆಟ್ಟು, ಇನ್ನೊಂದು ಬರಿಗಾಲು. ಅಳು ಮುಖದಿಂದ ಒರೆಸಿಹೋಗಿತ್ತು. ಅಲ್ಲಿ ಈಗ ಇದ್ದದ್ದು ಆ ಭಾನುವಾರ ಸಂಜೆಯ ಬೆಂಕಿಯೇ ಇರಬೇಕು.

"ಕಡೇ ಉಸಿರು ಅವ್ಳ ಕೈ ಹಿಡ್ಕೊಂಡು ಹೋಯ್ತಂತಾ? ಹಂಗಂದ್ಲಾ ಅವ್ಳು?"

"ಸುಳ್ಳು ಅಂತ ಹೇಳಿದೆನಲ್ಲಮ್ಮ. ಯಾಕೆ ಹೇಳ್ತಿದ್ದಾಳೋ..."

"ಯಾಕಂತ ನಂಗೊತ್ತು. ಫೋಟೋ ಸಾಲ್ದೆ ಹೋಯ್ತು ಅವ್ಳಿಗೆ. ಕಡೇ ಗಳಿಗೇನೂ ತನ್ದೇ ಆಗ್ಬೇಕು." ಕುಸುಮ ಒಂದು ಹೆಜ್ಜೆ ಮುಂದಿಟ್ಟಳು. ಮೆಟ್ಟಿನ ಕಾಲು ಸದ್ದೇ ಮಾಡಲಿಲ್ಲ. "ಬುಡಲ್ಲ ಮೇಡಂ. ಇದೊಂದ್ನ ನಾನವ್ಳಿಗೆ ಬುಟ್ಟುಕೊಡಲ್ಲ. ನಮ್ಮೋನ ಉಳಿಸ್ಕೊಬೇಕು ಅಂತವ ಬಾಯ್ಮುಚ್ಕೊಂಡಿದ್ದೆ. ಇನ್ ಮುಚ್ಚಲ್ಲ."

"ಯಾರು ನಿಮ್ಮೋನು?"

"ಮನೆಗೋದ್ರೂ ಜೀವ ತಡೀಲಿಲ್ಲ ನಂಗೆ. ಒಸಿ ಹೊತ್ತಿಗೇ ತಿರುಗಾ ಬಂದೆ. ಒಳಗಿಂದ ಬಾಗ್ಲು ಬಡೀತಿದ್ರು. ಅಕ್ಕಾ, ತೆಗಿಯಕ್ಕಾ ಅಂತವ."

ಮಂಗಳಗೌರಿ ಬಾಗಿಲಿನ ಚಿಲಕದ ಕಡೆ ತಿರುಗಿದಳು.

"ಗಂಗ್ರಾಜು ಯಾರನ್ನೂ ನೋಡಿಲ್ಲ ಮೇಡಂ. ಒಳಗಿದ್ದೋನೇ ಅವ್ನು. ಬಾವ ಮಲಗವ್ರೆ, ಎಬ್ಬಿಸ್ಬ್ಯಾಡ ಅಂತ ಚಿಲಕ ತಿರುಗಾ ಹಾಕಿದ್ದೂ ಅವ್ನೇಯ. ಬಾಗ್ಲು ತೆಗ್ದು ಅವ್ನ ಆಚೆ ಬುಟ್ಟೋಳು ನಾನು."